ಇಪ್ಪತ್ತೆಂಟು ರಾತ್ರಿ

ಮೊಖೊಟ್ಲಾಂಗಿನಲ್ಲಿ ಜುಲೈ ಅಂದರೆ
ನಲ್ಲಿಯೊಳಗೆ ನೀರು ಕೋಲಾಗಿ ನಿಲ್ಲುವ ಕಾಲ.
ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ಕೋಣೆ.
ಮೂರನೇ ವಾರ್ಡಿನ ಹಾಸುಗಳ ಗಂಟು ಬಿಚ್ಚಿ
ಕೊಡವಿದೆ.
ಚುಚ್ಚಿತು.

ಅಷ್ಟೇ. ಇರುವೆ ಕಚ್ಚಿದರೂ ಇದಕ್ಕಿಂತ ಉರಿಯುತ್ತದೆ.
ಹಳದಿ ಕೈಗವಸಿನ ಮೇಲೆ
ಸಾಸಿವೆಯಷ್ಟು ಕೆಂಪು.
ಮಡಿಕೆಯಲ್ಲಿ ಮಲಗಿತ್ತು ಸೂಜಿ, ಮುಚ್ಚಳವಿಲ್ಲದೆ,
ಯಾರದೋ ರಾತ್ರಿಪಾಳಿಯ ಅವಸರ.

ಗವಸು ಕಿತ್ತ ಬೆರಳು ತಾನಾಗಿ ಬಾಯಿಗೆ ಹೋಯಿತು,
ಹೊಲಿಯುವಾಗ ಚುಚ್ಚಿಕೊಂಡರೆ ಹೋಗುವ ಹಾಗೆ;
ಅಮ್ಮನದೂ ಹಾಗೇ ಹೋಗುತ್ತಿತ್ತು.
ಮಾದಿಕೆಲೇದಿ ಮಣಿಕಟ್ಟು ಹಿಡಿದು ಎಳೆದಳು:
"ಚೀಪಬೇಡ. ಹಿಂಡಬೇಡ.
ಆ ಬ್ಲೀಚಿನ ಡಬ್ಬ ಮುಟ್ಟಿದರೆ ನೋಡು."

ನಲ್ಲಿ ತಿರುಗಿಸಿದರೆ ಬರೀ ಗಾಳಿಯ ಕೆಮ್ಮು.
ಚಹಾಕ್ಕಿಟ್ಟ ನೀರಿಗೆ ಡ್ರಮ್ಮಿನ ತಣ್ಣೀರು ಬೆರೆಸಿ
ಅವಳು ಹೊಯ್ದಳು, ನಾನು ಸೋಪು ಹಚ್ಚಿದೆ,
ಹೊಯ್ದಳು, ಮತ್ತೆ ಹೊಯ್ದಳು,
ಕೂಸಿಗೆ ಎರೆಯುವವಳಂತೆ ಗೊಣಗುತ್ತಾ.
ನೆಲದ ಮೇಲೆ ಹರಿದ ನೀರಿನಲ್ಲಿ
ನನ್ನ ರಕ್ತ ಕಾಣಲೇ ಇಲ್ಲ.

"ಮಿಕ್ಕ ಬಟ್ಟೆ ಮುಗಿಸಿ ಹೋಗ್ತೀನಿ," ಅಂದೆ.
"ಬಟ್ಟೆ ಕಾಯುತ್ತೆ. ಇದು ಕಾಯಲ್ಲ.
ಮೂರು ದಿನ ದಾಟಿದರೆ ಮಾತ್ರೆಯ ಮಾತು ನಡೆಯಲ್ಲ.
ಈಗಲೇ. ಏಪ್ರನ್ ಬಿಚ್ಚು."

ದಾಖಲೆ ಪುಸ್ತಕದಲ್ಲಿ ಅಂಕಣಗಳು.
ಎಷ್ಟು ಹೊತ್ತಿಗೆ? ಸಂಜೆ ಆರೂ ನಲವತ್ತು.
ಯಾವ ಬೆರಳು? ಎಡಗೈ, ಉಂಗುರದ್ದು.
ಎಷ್ಟು ಆಳ? ಯಾರು ಅಳೆದರು.
ಯಾರ ಸೂಜಿ?
ಹಾಸಿಗೆ ಹೆಸರಿರುವುದಿಲ್ಲ. ಮೂರನೇ ವಾರ್ಡಿನಲ್ಲಿ
ಇಪ್ಪತ್ತೆರಡು ಮಂಚ.
ಪೆನ್ನು ಅಲ್ಲಿ ನಿಂತಿತು.
ಕ್ಲಿನಿಕ್ಕಿನ ಹುಡುಗ 'ತಿಳಿಯದು' ಎಂದು ಬರೆದು
ನನ್ನ ತೋಳಿನಿಂದ ರಕ್ತ ತೆಗೆದ.
ಆ ಸೂಜಿ ಹಳದಿ ಡಬ್ಬಿಗೆ ಬೀಳುವ ತನಕ
ನಾನು ಕಣ್ಣು ಕೀಳಲಿಲ್ಲ.
ಇನ್ನೊಂದು ತೋಳಿಗೆ ಹೆಪಟೈಟಿಸ್ ಲಸಿಕೆ.
ಮೊದಲ ಮಾತ್ರೆ ಅಲ್ಲೇ, ಅವನೆದುರೇ.
ಉಳಿದವು ರಾತ್ರಿ ಒಂಬತ್ತಕ್ಕೆ, ಒಂದೂ ತಪ್ಪದೆ,
ಒಟ್ಟು ಇಪ್ಪತ್ತೆಂಟು.

ಮನೆಯಲ್ಲಿ ತ್ಲಾಲಿ ಎಲ್ಲ ಕೇಳಿಸಿಕೊಂಡ.
ಕಾಂಡೋಮಿನ ಪೊಟ್ಟಣವನ್ನು ಕಿಟಕಿಯಲ್ಲಿ
ಬೆಂಕಿಪೊಟ್ಟಣದ ಪಕ್ಕ ಇಟ್ಟ, ಏನೂ ಆಡದೆ.
ಆಮೇಲೆ ಕಂಬಳಿ ಹೊದ್ದು ಹೊರಗೆ ಹೋಗಿ
ಬಹಳ ಹೊತ್ತು ಕುದುರೆಯ ಬೆನ್ನು ತಿಕ್ಕಿದ.

ಎಂಟನೇ ರಾತ್ರಿ, ಹೊಟ್ಟೆ ತೊಳಸಿ,
ಅಕ್ಕನಿಗೆ ಫೋನು ಮಾಡಿ ಅತ್ತೆ:
ಇನ್ನೂ ಇಪ್ಪತ್ತು, ಪುಸೆಲೆತ್ಸೊ, ಇನ್ನೂ ಇಪ್ಪತ್ತು!
ಅವಳು ನಕ್ಕಳು. ಹಿಂದೆ ಪಾತ್ರೆಗಳ ಸದ್ದು.
"ನೀನು ನೆಂಟಳು ಕಣೆ. ನಾನು ಮನೆಯವಳು.
ಹದಿನಾಲ್ಕು ವರ್ಷ ಆಯ್ತು.
ಗಂಜಿ ಕುಡಿದು ತಗೋ, ಬರೀ ಹೊಟ್ಟೆಯಲ್ಲಲ್ಲ.
ಒಂಬತ್ತಕ್ಕೆ ರಿಂಗ್ ಕೊಡ್ತೀನಿ. ಎತ್ತಬೇಡ,
ನನ್ನ ದುಡ್ಡು ಹೋಗುತ್ತೆ."

ಅವತ್ತಿನಿಂದ ದಿನಾ ಒಂದು ಮಿಸ್ಡ್ ಕಾಲ್.
ಎರಡು ಊರು, ನಡುವೆ ಹಿಮದ ಬೆಟ್ಟ,
ಎರಡು ಲೋಟ ನೀರು.
ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ
ನಾನು ಅವಳನ್ನು ಕೇಳಿದ್ದಿಲ್ಲ,
ಇವತ್ತಿನದು ಆಯ್ತಾ ಅಂತ.
ಅವಳ ಲೋಟವನ್ನು ಬೇರೆ ಇಟ್ಟ ವರ್ಷವೊಂದಿತ್ತು.
ಅದನ್ನು ಇಬ್ಬರೂ ಎತ್ತುವುದಿಲ್ಲ.

ಸೂಜಿ ಬಿಟ್ಟವರು ಯಾರೆಂದು ತಿಳಿಯಲಿಲ್ಲ.
ಆದರೆ ಮೂರನೇ ವಾರ್ಡಿನ ಹಾಸುಗಳು ಈಗ
ಗಂಟಾಗಿ ಬರುವುದಿಲ್ಲ;
ಒಂದೊಂದಾಗಿ, ಅಂಚಿಗೆ ಅಂಚು ಕೂಡಿಸಿ ಬರುತ್ತವೆ,
ಯಾರೋ ತಪ್ಪಾಯಿತು ಅಂದ ಹಾಗೆ.

ಕೊನೆಯ ಮಾತ್ರೆಯೂ ಮುಗಿಯಿತು.
ಪರೀಕ್ಷೆ ಎರಡು ಬಾಕಿ: ಆರು ವಾರಕ್ಕೊಂದು,
ಪೀಚ್ ಹೂ ಉದುರಿದ ಮೇಲೆ ಇನ್ನೊಂದು.
ಇಪ್ಪತ್ತೊಂಬತ್ತನೇ ರಾತ್ರಿ
ಮೇಜಿನ ಮೇಲೆ ಫೋನು ಸುಮ್ಮನೆ ಕೂತಿತ್ತು.
ಒಂಬತ್ತಾಯಿತು.
ಒಂಬತ್ತರ ಮೇಲೆ ಒಂದು ನಿಮಿಷ.
ನಾನೇ ಒತ್ತಿದೆ. ಎರಡು ರಿಂಗು.
ಎತ್ತಿಬಿಟ್ಟಳು.
ದುಡ್ಡು ಹೋಗಲಿ ಬಿಡು.